ಅಜ್ಜನ ಹಾಜರಿ

ನಮ್ಮಪ್ಪ 1996ರಲ್ಲಿ ಮನೆ ಬಿಟ್ಟು ಹೋದವರು 2022ರ ಕೊನೆಗೆ ವಾಪಸ್ ಬಂದರು. ಆ ನಡುವೆ ನನ್ನ ಓದು ಮುಗಿಯಿತು, ತಂಗಿಗೆ ಮದುವೆಯಾಯಿತು, ನನಗೂ ಆಯಿತು, 2015ರಲ್ಲಿ ಮಗಳು ಹುಟ್ಟಿದಳು. ಒಂದಕ್ಕೂ ಅವರಿರಲಿಲ್ಲ. ಅಂಥ ಅಜ್ಜನಿಗೂ ನನ್ನ ಮಗಳಿಗೂ ಈಗ ಎಷ್ಟು ಬಳಕೆಯೆಂದರೆ, ಹಲ್ಲು ಅಲ್ಲಾಡಿದರೆ ಅವಳು ಮೊದಲು ಓಡಿಹೋಗಿ ತೋರಿಸುವುದು ಅವರಿಗೆ. ನೆಂಟರಿಷ್ಟರಲ್ಲಿ "ಅದು ಹೇಗೆ ಹೊಂದಿಸಿದೆ ಮಾರಾಯ?" ಎಂದು ಕೇಳದವರಿಲ್ಲ. ಕೇಳುವವರಲ್ಲಿ ಕೆಲವರ ಕಡೆಯೂ ಇಂಥವರೊಬ್ಬರು ಎಲ್ಲೋ ಇದ್ದಾರೆ ಅನ್ನುವುದು ಅವರು ಕೇಳುವ ರೀತಿಯಲ್ಲೇ ಗೊತ್ತಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಮನೆಯಿಂದ ದೂರ ಇರುವ ಗಂಡಸರು ಹೊಸಬರೇನಲ್ಲ. ಸೇನೆಗೆ ಹೋದವರಿದ್ದಾರೆ, ಗಲ್ಫಿಗೆ ಹೋದವರಿದ್ದಾರೆ. ಅವರ ಫೋಟೊ ಗೋಡೆಯ ಮೇಲಿರುತ್ತದೆ, ರಜೆಗೆ ಬರುತ್ತಾರೆ, ಮೊಮ್ಮಕ್ಕಳಿಗೆ ಹೇಳಲು ಕಥೆ ಇರುತ್ತದೆ. ನಮ್ಮಪ್ಪ ಹೋದದ್ದು ಹಾಗಲ್ಲ. ದೊಡ್ಡಪ್ಪನ ಜೊತೆ ಜಾಗದ ಪಾಲಿನ ಜಗಳ, ಅದರ ಮೇಲೆ ಒಂದಿಷ್ಟು ಕುಡಿತ. ಒಂದು ಬೆಳಿಗ್ಗೆ ನೋಡಿದರೆ ಮನೆಯಲ್ಲಿಲ್ಲ. ತಮಿಳುನಾಡಿನ ಆನೈಮಲೆ ಬೆಟ್ಟದ ಮೇಲೆ, ವಾಲ್ಪಾರೈಯ ಒಂದು ಟೀ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದಾರೆ ಅಂತ ಆಮೇಲೆ ಯಾರೋ ಹೇಳಿದರು. ಸ್ವಲ್ಪ ಕಾಲ ಮನಿಯಾರ್ಡರ್ ಬಂತು, ನಂತರ ಅದೂ ನಿಂತಿತು. ಚೇರಂಬಾಣೆ ಕಡೆಯ ನಮ್ಮ ಮೂರು ಎಕರೆ ರೋಬಸ್ಟಾ ತೋಟವನ್ನೂ ನಮ್ಮಿಬ್ಬರನ್ನೂ ಸಾಕಿದವಳು ಅವ್ವ. ನಾನಾಗ ಏಳನೇ ಕ್ಲಾಸು. ಅಪ್ಪನ ಫೋಟೊ ಗೋಡೆಯಿಂದ ಟ್ರಂಕಿಗೆ ಹೋಯಿತು, ಆ ಟ್ರಂಕು ಅಟ್ಟಕ್ಕೆ ಹೋಯಿತು.

2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜರಿದು, ಮಡಿಕೇರಿ–ಮಂಗಳೂರು ಹೆದ್ದಾರಿ ಬಂದ್ ಆಗಿ, ದಿನವಿಡೀ ಟಿವಿಯಲ್ಲಿ ಕೊಡಗೇ ಓಡುತ್ತಿತ್ತಲ್ಲ, ಆಗ ಒಂದು ರಾತ್ರಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಎಲ್ಲರೂ ಇದ್ದೀರಾ?" ಅಂದರು. "ಇದ್ದೇವೆ" ಅಂದೆ. ಇಪ್ಪತ್ತೆರಡು ವರ್ಷದ ಮೇಲೆ ಅಷ್ಟೇ ಮಾತು. ಎರಡು ವರ್ಷ ಕಳೆದು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಮೇಲೆ ಬ್ರಹ್ಮಗಿರಿ ಕುಸಿದಾಗ ಮತ್ತೆ ಫೋನ್ ಮಾಡಿದರು. ನಮ್ಮಲ್ಲಿ ಕರೆಂಟು ಹೋಗಿ ಟವರೂ ಸತ್ತಿತ್ತು, ಎಷ್ಟೋ ಸಲ ಪ್ರಯತ್ನಪಟ್ಟಿದ್ದರಂತೆ. ಆ ಸಲ ಕೇಳಿದರು, "ಮಗು ಹೇಗಿದೆ? ಮಾತಾಡಿಸ್ತೀಯಾ?"

ನಾನು ತಕ್ಷಣ ಹೂಂ ಅನ್ನಲಿಲ್ಲ. ಅನ್ನಬೇಕಾದ ಋಣವೂ ನನಗಿರಲಿಲ್ಲ. ಆದರೆ ಆ ಹೊತ್ತಿಗೆ ಬೇರೊಂದು ನಡೆದಿತ್ತು. ನಮ್ಮ ಕಡೆ ಮದುವೆಗೆ ಹೋದರೆ ಮಕ್ಕಳನ್ನು ನಿಲ್ಲಿಸಿ ಯಾವ ಮನೆ, ಯಾರ ಮೊಮ್ಮಗಳು ಅಂತ ಕೇಳುವುದು ರೂಢಿ. ಮಗಳನ್ನೂ ಹಾಗೆ ಕೇಳಿದರು. "ನಂಗೆ ಅಜ್ಜ ಇಲ್ಲ" ಅಂದಳು. ಕೇಳಿದ ಹಿರಿಯರು ನಕ್ಕು, "ಇದ್ದಾರಲ್ಲ, ಓಡಿಹೋದದ್ದು!" ಅಂದುಬಿಟ್ಟರು. ಅವಳು ಅದನ್ನು ಮನೆಗೆ ತಂದಳು. ಊರು ಹೇಳುವ ಮೊದಲು ನಾನು ಹೇಳಬೇಕಿತ್ತು, ಈಗ ಊರೇ ಶುರುಮಾಡಿತ್ತು.

ಆಗ ಒಂದು ತೀರ್ಮಾನ ಮಾಡಿದೆ, ಇಡೀ ಕೆಲಸ ನಿಂತದ್ದು ಅದರ ಮೇಲೆ. ಅಪ್ಪನಿಗೂ ನನಗೂ ಇರುವ ಲೆಕ್ಕ ಬೇರೆ, ಅಜ್ಜನಿಗೂ ಮೊಮ್ಮಗಳಿಗೂ ಇರಬಹುದಾದ ಲೆಕ್ಕ ಬೇರೆ. ನನ್ನದು ಇತ್ಯರ್ಥವಾಗುವವರೆಗೆ ಅವಳದು ಶುರುವಾಗಬಾರದು ಅಂತ ಕಾಯುತ್ತ ಕೂತರೆ ಅದು ಶುರುವಾಗುವುದೇ ಇಲ್ಲ. ನನ್ನದು ಇವತ್ತಿಗೂ ಇತ್ಯರ್ಥವಾಗಿಲ್ಲ. "ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ" ಅಂತ ಜನ ನನ್ನ ಬೆನ್ನು ತಟ್ಟುವಾಗ ಸುಮ್ಮನಿರುತ್ತೇನೆ. ಕ್ಷಮಿಸದೆಯೂ ಇದನ್ನೆಲ್ಲ ಮಾಡಬಹುದು ಅಂತ ವಿವರಿಸುತ್ತ ಕೂತರೆ ಊಟ ತಣ್ಣಗಾಗುತ್ತದೆ.

ಆದರೆ ಅವ್ವನ ಲೆಕ್ಕ? ಮಗಳನ್ನು ಎತ್ತಿ ಆಡಿಸಿದ್ದು, ಸ್ನಾನ ಮಾಡಿಸಿದ್ದು, ಜ್ವರ ಬಂದಾಗ ರಾತ್ರಿಯೆಲ್ಲ ಕೂತದ್ದು ಅವಳು. ಮಕ್ಕಳು ಅಜ್ಜಿಯ ಮುಖ ನೋಡಿಯೇ ಒಬ್ಬರನ್ನು ಹತ್ತಿರ ಬಿಟ್ಟುಕೊಳ್ಳುತ್ತವೆ. ಅಜ್ಜಿ ಹುಬ್ಬು ಗಂಟಿಕ್ಕಿದರೆ ಮಗು ಆ ಮನುಷ್ಯನ ಕೈಯಿಂದ ಬಿಸ್ಕತ್ತನ್ನೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮಗಳಿಗೆ ಏನೂ ಹೇಳುವ ಮೊದಲು ಅವ್ವನ ಹತ್ತಿರ ಕೂತೆ. "ನೀನು ಮಾತಾಡಬೇಡ, ನೋಡಬೇಡ, ಒಂದು ಲೋಟ ನೀರೂ ಕೊಡಬೇಡ. ಅವಳು ಮಾತಾಡಿದರೆ ನಿನಗೆ ಬೇಜಾರಿಲ್ಲ ಅಂತ ಅವಳಿಗೆ ಒಂದು ಸಲ ಹೇಳು, ಸಾಕು" ಅಂದೆ. ಅವ್ವ ಮೆಣಸು ಬಿಡಿಸುತ್ತ ಕೂತವಳು ತಲೆ ಎತ್ತಲಿಲ್ಲ. ಆಮೇಲೊಂದು ದಿನ, ನಾನು ಕೇಳುತ್ತಿಲ್ಲ ಅಂದುಕೊಂಡು, ಮಗಳಿಗೆ ಜಡೆ ಹಾಕುತ್ತ ಹೇಳಿದಳು: "ನಿಂಗೆ ಒಬ್ಬ ಅಜ್ಜ ಇದ್ದಾರೆ. ನಂಗೆ ಅವರ ಮೇಲೆ ಕೋಪ ಉಂಟು. ಆ ಕೋಪ ನಂದು. ನೀನು ಮಾತಾಡು, ನಂಗೇನೂ ಆಗೋದಿಲ್ಲ." ನಾನು ಎಷ್ಟು ಬರೆದರೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಮನಸ್ಸಿಲ್ಲದೆ ನಗುಮುಖ ಮಾಡಿ "ಅಜ್ಜ ಒಳ್ಳೆಯವರು ಪುಟ್ಟ" ಅಂದಿದ್ದರೆ ಮಗು ಆ ಸುಳ್ಳನ್ನು ಹಿಡಿಯುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಯಾಕೆ ಹೋದರು ಅನ್ನುವ ಪ್ರಶ್ನೆ. ದೂರದಲ್ಲಿ ಕೆಲಸವಿತ್ತು ಅಂತ ಹೇಳಿಬಿಡಬಹುದಿತ್ತು, ಹೆಚ್ಚಿನವರು ಹಾಗೇ ಹೇಳುತ್ತಾರೆ. ಆದರೆ ಮದುವೆಮನೆಯ ಆ ಮಾತು ಅವಳ ಕಿವಿಗೆ ಬಿದ್ದಾಗಿತ್ತು. "ದೊಡ್ಡವರ ಜೊತೆ ಜಗಳ ಆಯಿತು. ಅಜ್ಜ ಕೋಪದಲ್ಲಿ ಹೋದರು. ನಮ್ಮನ್ನು ಬಿಟ್ಟು ಹೋಗಿದ್ದು ತಪ್ಪು. ಈಗ ನಿನ್ನ ಜೊತೆ ಮಾತಾಡಬೇಕು ಅಂತಿದ್ದಾರೆ" ಅಂದೆ. ಕುಡಿತದ ವಿಷಯ ಐದು ವರ್ಷದವಳಿಗೆ ಬೇಡ ಅನಿಸಿತು, ಬಿಟ್ಟೆ. ಅವಳು ಅಜ್ಜನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮನ ಜೊತೆ ಜಗಳ ಆದರೆ ನೀನೂ ಹೋಗ್ತೀಯಾ?" ಅಂದಳು.

ನನಗೆ ಆವತ್ತು ವಿಷಯ ಅರ್ಥವಾಯಿತು. ಮಗುವಿಗೆ ಅಜ್ಜ ಯಾರು ಅನ್ನುವುದು ಆಮೇಲಿನ ಮಾತು. ಅಪ್ಪಂದಿರು ಹೋಗಬಹುದು ಅನ್ನುವುದು ಅವಳಿಗೆ ಮೊದಲ ಸುದ್ದಿ. ಹಾಗಾಗಿ ಅಜ್ಜನ ಕಥೆ ಹೇಳುವ ಪ್ರತಿ ಸಲವೂ ನನ್ನ ಬಗ್ಗೆಯೂ ಹೇಳಬೇಕಾಯಿತು. "ನಾನು ಅಮ್ಮನ ಜೊತೆ ಜಗಳ ಆಡ್ತೀನಿ, ನೀನೇ ನೋಡಿದ್ದೀಯ. ಆಡಿ ತೋಟಕ್ಕೆ ಹೋಗ್ತೀನಿ, ಕತ್ತಲಾಗುವ ಮೊದಲು ಬರ್ತೀನಿ." ಇದನ್ನು ಒಂದು ಸಲ ಹೇಳಿದರೆ ಸಾಲಲಿಲ್ಲ. ನಾನು ಮಡಿಕೇರಿಗೆ ಹೊರಟರೂ "ಎಷ್ಟು ಗಂಟೆಗೆ ಬರ್ತೀಯ?" ಅಂತ ಕೇಳುವ ಕಾಲವೊಂದು ಇತ್ತು. ಹೇಳಿದ ಹೊತ್ತಿಗೆ ಬಂದೆ. ತಡವಾದರೆ ಫೋನ್ ಮಾಡಿದೆ. ತಾನಾಗಿ ನಿಂತಿತು.

ಫೋನ್ ಮಾತಿಗೆ ಬರೋಣ. ಐದಾರು ವರ್ಷದ ಮಕ್ಕಳ ಕಿವಿಗೆ ಫೋನ್ ಹಿಡಿದು "ಮಾತಾಡು, ಮಾತಾಡು" ಅನ್ನುವುದು ಶುದ್ಧ ಹಿಂಸೆ. "ಊಟ ಆಯ್ತಾ, ಸ್ಕೂಲಿಗೆ ಹೋದ್ಯಾ" ಇವೆರಡು ಮುಗಿದರೆ ಮುಂದೇನಿದೆ? ವಿಡಿಯೊ ಕಾಲ್ ಹಾಕಿದರೆ ಅಪ್ಪ ಫೋನನ್ನು ಮುಖಕ್ಕೆ ಹಿಡಿದುಕೊಂಡು ಬರೀ ಮೂಗಿನ ಹೊಳ್ಳೆ ತೋರಿಸುತ್ತಿದ್ದರು. ನಾನು ಅಪ್ಪನಿಗೆ ಎರಡು ಕಟ್ಟು ಹಾಕಿದೆ. ಮುಖ ತೋರಿಸುವುದು ಬೇಡ, ಅಲ್ಲಿರುವ ಏನನ್ನಾದರೂ ತೋರಿಸಿ. ಮತ್ತೆ ಭಾನುವಾರ ಸಂಜೆ ಐದಕ್ಕೆ ಮಾತ್ರ, ಆದರೆ ಆ ಐದು ತಪ್ಪಬಾರದು. ನಮ್ಮ ಕಡೆ ಮಳೆಗೆ ನೆಟ್‌ವರ್ಕ್ ಹೋದರೆ ಅದು ಬೇರೆ, ಅವರ ಕಡೆಯಿಂದ ತಪ್ಪಬಾರದು. ಮನೆ ಬಿಟ್ಟು ಹೋದವರಿಗೆ ಇದೊಂದು ಶರತ್ತು ಜಾಸ್ತಿಯಾಗಲಿಲ್ಲ ಅಂತ ನನ್ನ ಅಭಿಪ್ರಾಯ.

ಅವರು ತೋರಿಸಿದ್ದು ಸಿಂಗಳೀಕಗಳನ್ನು. ವಾಲ್ಪಾರೈಯಲ್ಲಿ ಟೀ ತೋಟಗಳ ನಡುವೆ ಉಳಿದ ಕಾಡಿನ ತುಂಡುಗಳಿವೆ. ಅಲ್ಲಿಂದ ಸಿಂಗಳೀಕಗಳು ಇಳಿದು ರಸ್ತೆ ದಾಟುತ್ತವೆ, ಮನೆಗಳ ಮಾಡಿನ ಮೇಲೆ ಕೂರುತ್ತವೆ. ಕರೀ ಮೈ, ಮುಖದ ಸುತ್ತ ಬಿಳಿ ಕೂದಲು, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಮಗಳು ಭಾನುವಾರ ಕಾಯುತ್ತಿದ್ದದ್ದು ಸಿಂಗಳೀಕಕ್ಕೇ ಹೊರತು ಅಜ್ಜನಿಗಲ್ಲ. ಇರಲಿ, ಬರುವುದು ಬರಲಿ ಅಂದುಕೊಂಡೆ. ಕ್ರಮೇಣ ಸಿಂಗಳೀಕ ಬರದ ಭಾನುವಾರಗಳಲ್ಲೂ ಅವರಿಬ್ಬರ ಮಾತು ಉದ್ದವಾಗುತ್ತ ಹೋಯಿತು. ಹೆಚ್ಚಿನ ಮಾತು ಆನೆಯದು. ಆನೆ ಇಬ್ಬರಿಗೂ ಗೊತ್ತಿರುವ ವಿಷಯ ತಾನೇ! ಆನೆ ಹತ್ತಿರದಲ್ಲಿದ್ದರೆ ವಾಲ್ಪಾರೈಯ ರಸ್ತೆಬದಿಯಲ್ಲಿ ಕೆಂಪು ದೀಪ ಹತ್ತುತ್ತದೆ, ಫೋನಿಗೆ ಮೆಸೇಜೂ ಬರುತ್ತದೆ ಅಂತ ಅವರು ಹೇಳಿದ್ದನ್ನು ಇವಳು ಶಾಲೆಯಲ್ಲಿ ಹೇಳಿ, ಯಾರೂ ನಂಬದೆ, ಅಳುತ್ತ ಬಂದಿದ್ದಳು.

2022ರ ಬೇಸಿಗೆ ರಜೆಯಲ್ಲಿ ನಾನು ಅವಳನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಮೊದಲ ಭೇಟಿ ನಮ್ಮ ಮನೆಯಲ್ಲಿ ಬೇಡ ಅನ್ನುವುದು ನನ್ನ ಹಟ. ನಮ್ಮಲ್ಲಿಗೆ ಬಂದರೆ ಅವರು ತಪ್ಪಿತಸ್ಥರಾಗಿ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಅವ್ವ ಒಳಗೆ ಪಾತ್ರೆ ಕುಕ್ಕುತ್ತಾಳೆ. ಅಂಥವರನ್ನು ತೋರಿಸಿ "ಇವರೇ ಅಜ್ಜ" ಅಂದರೆ ಮಗು ಏನು ನೋಡೀತು? ಅವರ ಜಾಗದಲ್ಲಾದರೆ ಎಲ್ಲ ಗೊತ್ತಿರುವವರು ಅವರು. ಮೈಸೂರು, ಬಂಡೀಪುರ ದಾಟಿ ಕೊಯಮತ್ತೂರು, ಅಲ್ಲಿಂದ ಪೊಳ್ಳಾಚಿ, ಪೊಳ್ಳಾಚಿಯಿಂದ ಘಾಟಿ ಹತ್ತುವ ಬಸ್ಸು. ಆಳಿಯಾರಿನಿಂದ ಮೇಲೆ ನಲವತ್ತು ಹೇರ್‌ಪಿನ್ ತಿರುವುಗಳು, ಪ್ರತಿ ತಿರುವಿಗೂ ನಂಬರಿನ ಫಲಕ. ಎಣಿಸುತ್ತ ಬಾ ಅಂತ ಅಜ್ಜ ಫೋನಿನಲ್ಲೇ ಕೆಲಸ ಕೊಟ್ಟಿದ್ದರು. ಅವಳು ನಡುವೆ ವಾಂತಿ ಮಾಡಿಕೊಂಡರೂ ಎಣಿಕೆ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ಮೊದಲು ಹೇಳಿದ್ದು "ನಲವತ್ತು."

ಕಾಲಿಗೆ ಬೀಳಿಸಲಿಲ್ಲ, ಮುತ್ತು ಕೊಡು ಅನ್ನಲಿಲ್ಲ. ಅಪ್ಪನಿಗೂ ಮುಂಚೆಯೇ ಹೇಳಿದ್ದೆ, ಎತ್ತಿಕೊಳ್ಳಲು ಕೈ ಚಾಚಬೇಡಿ ಅಂತ. ಅವರ ಕಣ್ಣು ತುಂಬಿದ್ದನ್ನು ನೋಡಿ ನಾನು ಬಸ್ಸಿನ ಬೋರ್ಡು ಓದುತ್ತ ನಿಂತೆ. ಮಗು ಮೊದಲ ದಿನವೆಲ್ಲ ನನ್ನ ಪ್ಯಾಂಟು ಹಿಡಿದುಕೊಂಡೇ ಇತ್ತು. ಎರಡನೇ ದಿನ ಟೀ ಸೊಪ್ಪು ತೂಕ ಹಾಕುವ ಜಾಗಕ್ಕೆ ಕರೆದುಕೊಂಡು ಹೋದರು. ಎರಡೆಲೆ ಒಂದು ಮೊಗ್ಗು ಚಿವುಟುವುದನ್ನು ಅಲ್ಲಿನ ಹೆಂಗಸರು ತೋರಿಸಿಕೊಟ್ಟರು. ನಮ್ಮ ಕಾಫಿಯ ಹಾಗೆ ವರ್ಷಕ್ಕೊಂದು ಕುಯ್ಲಲ್ಲ, ಟೀ ವರ್ಷವಿಡೀ ಚಿಗುರುತ್ತಲೇ ಇರುತ್ತದೆ, ತೆಗೆಯುತ್ತಲೇ ಇರಬೇಕು ಅನ್ನುವುದು ಅವಳಿಗೆ ದೊಡ್ಡ ಆಶ್ಚರ್ಯ. ತೂಕದ ಹತ್ತಿರ ಅಜ್ಜ ಕೂತು ಹೆಸರು ಕೂಗಿ ಕೂಗಿ ಚೆಕ್‌ರೋಲಿನಲ್ಲಿ, ಅಂದರೆ ಕೆಲಸದವರ ಹಾಜರಿ ಪುಸ್ತಕದಲ್ಲಿ, ಬರೆಯುವಾಗ ಇವಳು ಪಕ್ಕದ ಸ್ಟೂಲಿನಲ್ಲಿದ್ದಳು. ನನ್ನ ಪ್ಯಾಂಟು ಯಾವಾಗ ಬಿಟ್ಟಳೋ ನಾನು ಗಮನಿಸಲಿಲ್ಲ.

ಉಡುಗೊರೆಯ ಬಗ್ಗೆ ಒಂದು ಮಾತು. ಇಷ್ಟು ವರ್ಷದ ಬಾಕಿಯನ್ನೆಲ್ಲ ಒಂದೇ ಸಲ ತೀರಿಸುವವರ ಹಾಗೆ ಅಪ್ಪ ದೊಡ್ಡ ಗೊಂಬೆ, ಚಾಕೊಲೇಟ್ ಡಬ್ಬ, ಹೊರಡುವಾಗ ಕೈಗೆ ಐನೂರರ ನೋಟು, ಎಲ್ಲ ತಯಾರು ಮಾಡಿಟ್ಟಿದ್ದರು. ನಾನು ನೋಟು ವಾಪಸ್ ಕೊಟ್ಟೆ. ಹಿರಿಯರು ಮಕ್ಕಳ ಕೈಯಲ್ಲಿ ಕಾಸಿಡುವುದು ನಮ್ಮಲ್ಲಿ ತಪ್ಪಲ್ಲ. ಆದರೆ ದಿನಾ ಜೊತೆಗಿರುವ ಅಜ್ಜ ಕೊಡುವ ಹತ್ತು ರೂಪಾಯಿಯೇ ಬೇರೆ, ಹೊಸದಾಗಿ ಬಂದವರು ಕೊಡುವ ಐನೂರೇ ಬೇರೆ. ಎರಡನೆಯದನ್ನು ಮಗು ಅಜ್ಜನ ಬೆಲೆ ಅಂತ ಎಣಿಸಲು ಕಲಿಯುತ್ತದೆ. ಗೊಂಬೆ ತಂದೆವು, ಅದು ಈಗ ಎಲ್ಲಿದೆಯೋ. ಜೊತೆಗೆ ತಂದ ಹಳೆಯ ಚೆಕ್‌ರೋಲ್ ಪುಸ್ತಕ, ಅರ್ಧ ಖಾಲಿ ಇದ್ದದ್ದು, ಇನ್ನೂ ಇದೆ.

ಅದೇ ವರ್ಷ ಅವರಿಗೆ ತೋಟದ ಕ್ವಾರ್ಟರ್ಸ್ ಬಿಡಬೇಕಾಯಿತು. ನಿವೃತ್ತಿಯಾದ ಮೇಲೂ ತೋಟದವರು ಕೆಲಸದಲ್ಲಿ ಇಟ್ಟುಕೊಂಡಿದ್ದರು, ಇನ್ನು ಆಗುವುದಿಲ್ಲ ಅಂದರು. ಎಲ್ಲಿಗೆ ಹೋಗುವುದು? ಈ ಸುದ್ದಿ ತಿಳಿದದ್ದೇ ನಮ್ಮೂರಿನ ಕಾನೂನು ಪಂಡಿತರು ನನ್ನ ಕಿವಿ ತಿನ್ನಲು ಶುರುಮಾಡಿದರು. 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿದರೆ ಮಕ್ಕಳು ಜೀವನಾಂಶ ಕೊಡಲೇಬೇಕು, ತಿಂಗಳಿಗೆ ಹತ್ತು ಸಾವಿರದವರೆಗೆ ಆಗಬಹುದು, ಹುಷಾರು ಅಂತ. ಕಾಯ್ದೆ ಇರುವುದು ನಿಜ. ಅದರ ಭಯದಿಂದಲೇ ಅಪ್ಪನನ್ನು ಕರೆದುಕೊಂಡು ಬಂದೆ ಅಂತ ಅವರು ಇಂದಿಗೂ ನಂಬಿದ್ದಾರೆ, ನಾನು ತಿದ್ದಲು ಹೋಗಿಲ್ಲ.

ಅವ್ವನ ಶರತ್ತು ಒಂದೇ: "ನನ್ನ ಅಡುಗೆಮನೆಗೆ ಬರಬಾರದು." ಕಣದ ಆಚೆ ಕಾಫಿ ಮೂಟೆ ಇಡುತ್ತಿದ್ದ ಹಳೇ ಗೋದಾಮಿಗೆ ಸಿಮೆಂಟ್ ಹಾಕಿಸಿ, ಕಿಟಕಿ ಇಡಿಸಿ, ಬಚ್ಚಲು ಕಟ್ಟಿಸಿ ಕೋಣೆ ಮಾಡಿದೆವು. ಊಟ ನನ್ನ ಹೆಂಡತಿ ಕೊಂಡುಹೋಗುತ್ತಾಳೆ. ಜನ ಇದನ್ನು ನೋಡಿ ಆಡಿಕೊಂಡದ್ದುಂಟು, ಹೆತ್ತ ಅಪ್ಪನನ್ನು ಗೋದಾಮಿನಲ್ಲಿಟ್ಟ ಅಂತ. ನನಗೆ ಕೇಳಿದರೆ ಆ ದೂರವೇ ಈ ವ್ಯವಸ್ಥೆಯನ್ನು ಉಳಿಸಿದ್ದು. ಅವ್ವನಿಗೆ ತನ್ನ ಮನೆ ತನ್ನದಾಗೇ ಉಳಿಯಿತು. ಮಗಳಿಗೆ ಅಜ್ಜನ ಹತ್ತಿರ ಹೋಗಬೇಕಾದರೆ ಕಣ ದಾಟಿ ತಾನೇ ಹೋಗಬೇಕಿತ್ತು. ಬೇಡವೆನಿಸಿದರೆ ಹೋಗದಿದ್ದರಾಯಿತು. ಒಂದೇ ಸೂರಿನಡಿ ಎದುರುಬದುರು ಕೂರಿಸಿದ್ದರೆ ಈ ಸಲುಗೆ ಬರುತ್ತಿರಲಿಲ್ಲ.

ನಾನು ತಡೆಯಬೇಕಾಗಿ ಬಂದದ್ದು ಇನ್ನೊಂದನ್ನು. ಮನೆಗೂ ಕೋಣೆಗೂ ಓಡಾಡುವವಳು ಅವಳೊಬ್ಬಳೇ ಆದ್ದರಿಂದ ಇಬ್ಬರೂ ಅವಳ ಕೈಯಲ್ಲಿ ಮಾತು ಕಳಿಸಲು ಶುರುಮಾಡಿದರು. "ನಿನ್ನ ಅಜ್ಜನಿಗೆ ಹೇಳು, ರೇಡಿಯೊ ಸಣ್ಣ ಮಾಡಲಿ." "ಅಜ್ಜಿ ಏನಂದಳು? ಸಿಟ್ಟಲ್ಲಿದ್ದಾಳಾ?" ನೋಡಲು ತಮಾಷೆ. ಆದರೆ ಮಗಳು ಒಂದು ಮಾತನ್ನು ಕೊಂಡುಹೋಗಿ, ಇನ್ನೊಂದು ಕಡೆ ಮುಖ ಸಿಂಡರಿಸಿದ್ದನ್ನು ನೋಡಿ, ವಾಪಸ್ ಬರುವಾಗ ಅರ್ಧ ಮಾತು ನುಂಗಿಕೊಳ್ಳತೊಡಗಿದಳು. ಏಳು ವರ್ಷದವಳು ಇಬ್ಬರು ಮುದುಕರ ನಡುವೆ ರಾಜಿ ಪಂಚಾಯ್ತಿ ಮಾಡುವುದೇ? ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ, ಏನಿದ್ದರೂ ನನ್ನ ಹತ್ತಿರ ಹೇಳಿ, ನಾನು ಮುಟ್ಟಿಸುತ್ತೇನೆ. ಮಗಳಿಗೂ ಹೇಳಿದೆ, "ಯಾರಾದರೂ ಹೋಗಿ ಹೇಳು ಅಂದರೆ, ಅಪ್ಪನಿಗೆ ಹೇಳಿ ಅನ್ನು." ಅವಳು ಆ ಮಾತನ್ನು ಎಷ್ಟು ಖುಷಿಯಿಂದ ಬಳಸಿದಳೆಂದರೆ, ಟೀಚರ್ ಏನೋ ಹೇಳಿಕಳಿಸಿದಾಗಲೂ ಅದನ್ನೇ ಅಂದು ಬೈಸಿಕೊಂಡಳು.

ಅವರು ಬಂದದ್ದು ಕಾಫಿ ಕುಯ್ಲಿನ ಹೊತ್ತಿಗೆ. ಅದು ಲೆಕ್ಕ ಹಾಕಿ ಮಾಡಿದ್ದಲ್ಲ, ಆದರೆ ಈಗ ಯೋಚಿಸಿದರೆ ಅದಕ್ಕಿಂತ ಒಳ್ಳೇ ಕಾಲ ಇರಲಿಲ್ಲ. ರೋಬಸ್ಟಾ ಹಣ್ಣು ಕಣಕ್ಕೆ ಬಂದರೆ ಮನೆಯಲ್ಲಿ ಯಾರಿಗೂ ಸುಮ್ಮನೆ ಕೂರಲು ಬಿಡುವಿರುವುದಿಲ್ಲ, ಮುಖ ನೋಡಿಕೊಂಡು ಏನು ಮಾತಾಡುವುದು ಅನ್ನುವ ಕಷ್ಟವೂ ಇರುವುದಿಲ್ಲ. ಹಣ್ಣನ್ನು ತೆಳ್ಳಗೆ ಹರಡಬೇಕು, ಗಂಟೆ ಗಂಟೆಗೂ ಗೋರಿನಲ್ಲಿ ಎಳೆದು ತಿರುವಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು, ಇಬ್ಬನಿ ಬೀಳಬಾರದು. ಒಣಗಿತೋ ಇಲ್ಲವೋ ಅಂತ ನೋಡಲು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗಿನ ಬೀಜ ಗಲಗಲ ಅಂದರೆ ಒಣಗಿದೆ. ಅಪ್ಪ ಈ ಕೆಲಸ ಇಪ್ಪತ್ತಾರು ವರ್ಷ ಮಾಡಿರಲಿಲ್ಲ, ಮರೆತೂ ಇರಲಿಲ್ಲ. ಮಗಳ ಕಿವಿ ಅವರ ಕಿವಿಗಿಂತ ಚುರುಕು. ಅವರಿಗೆ ಕೇಳಿಸುವುದು ಕಡಿಮೆಯಾಗಿತ್ತು, ಹಾಗಾಗಿ ಅಲ್ಲಾಡಿಸುವುದು ಅವರು, ಕೇಳಿ ಹೇಳುವುದು ಇವಳು. ಆ ವರ್ಷದ ಚೆರ್ರಿ, ಅಂದರೆ ಒಣಗಿದ ಕಾಫಿ ಹಣ್ಣು, ಮೂಟೆ ಕಟ್ಟಿದ್ದು ಅವಳ ಕಿವಿಯ ಮೇಲೆ ಅಂತ ಹೇಳಬಹುದು. ವ್ಯಾಪಾರಿ ತೇವ ನೋಡುವ ಮಿಷನ್ ಹಾಕಿದಾಗ ಸರಿಯಾಗೇ ಇತ್ತು.

ಚೆಕ್‌ರೋಲ್ ಪುಸ್ತಕ ಹೊರಬಂದದ್ದೂ ಆಗಲೇ. ಕುಯ್ಯುವವರ ತೂಕ ಬರೆಯಲು ಅಜ್ಜ ಅವಳಿಗೆ ಕಲಿಸಿದರು. ಎರಡನೇ ಕ್ಲಾಸಿನ ಕೂಡುವ ಲೆಕ್ಕದಲ್ಲಿ ಒದ್ದಾಡುತ್ತಿದ್ದವಳು ಕಿಲೋ ಕೂಡುವುದರಲ್ಲಿ ತಪ್ಪುತ್ತಿರಲಿಲ್ಲ, ಯಾಕೆಂದರೆ ತಪ್ಪಿದರೆ ಕುಯ್ದವರು ಬಂದು ಕೇಳುತ್ತಿದ್ದರು.

ಎಲ್ಲ ಹೀಗೇ ಸರಾಗವಾಗಿ ನಡೆಯಲಿಲ್ಲ. ಕುಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ಮಗಳು ಶಾಲೆಗೆ ಹೋದ ನಂತರ ಅಪ್ಪ ಪಿಎಫ್ ಕಾಗದದ ಕೆಲಸಕ್ಕೆ ವಾಲ್ಪಾರೈಗೆ ಹೊರಟರು. ನನಗೆ ಹೇಳಿದ್ದರು. ಅವಳಿಗೆ ಹೇಳಿರಲಿಲ್ಲ, ಹೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ. ಸಂಜೆ ಬಂದವಳು ಕೋಣೆಗೆ ಬೀಗ ನೋಡಿದಳು. ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಒಳಗೆ ಬಂದು ಅಜ್ಜಿಯ ಪಕ್ಕ ಕೂತು, "ಅಜ್ಜ ಮತ್ತೆ ಓಡಿಹೋದರಾ?" ಅಂದಳು. ಅವ್ವನಿಗೆ ಆಗ ಬೇಕೆಂದರೆ ಸಿಕ್ಕ ಅವಕಾಶ ಅದು. "ಇಲ್ಲ, ಪಿಎಫ್ ದುಡ್ಡಿಗೆ ಹೋಗಿದ್ದಾರೆ, ಶುಕ್ರವಾರ ಬರ್ತಾರಂತೆ" ಅಂದಳು. ಅವ್ವನಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಾನು ಹೆಂಡತಿಯ ಹತ್ತಿರ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು.

ಅವರು ವಾಪಸ್ ಬಂದ ಮೇಲೆ ನಾನು ಸ್ವಲ್ಪ ಖಡಕ್ಕಾಗೇ ಮಾತಾಡಿದೆ. ಬೇರೆ ಮನೆಗಳ ಅಜ್ಜಂದಿರು ಹೇಳದೆ ಸಂತೆಗೆ ಹೋಗಿ ಬರಬಹುದು. ಅವರಿಗೆ ಆ ಸ್ವಾತಂತ್ರ್ಯ ಇಲ್ಲ. ಎಲ್ಲಿಗೆ ಹೋದರೂ ಅವಳಿಗೆ ಅವರೇ ಬಾಯಿಬಿಟ್ಟು ಹೇಳಬೇಕು, ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಅವಳ ಕೈಯಿಂದಲೇ ಸುತ್ತುಹಾಕಿಸಬೇಕು, ಆ ದಿನ ಬರಬೇಕು. ಅಪ್ಪನಿಗೆ ಬೇಸರವಾಯಿತು. "ಈ ವಯಸ್ಸಲ್ಲಿ ರಜೆ ಚೀಟಿ ಕೊಡಬೇಕಾ?" ಅಂದರು. ಹೌದು ಅಂದೆ. ಅಲ್ಲೇ ನಿಂತಿದ್ದ ಮಗಳಿಗೆ ಆ ಮಾತು ಬಹಳ ಹಿಡಿಸಿತು. ಚೆಕ್‌ರೋಲಿನ ಹೊಸ ಪುಟ ತೆಗೆದು ಮೇಲೆ "ಅಜ್ಜ" ಅಂತ ಬರೆದಳು. ಅವತ್ತಿನಿಂದ ಅವರಿಗೆ ಹಾಜರಿ. ಅವಳ ಜೊತೆ ಕಣದಲ್ಲೋ ತೋಟದಲ್ಲೋ ಇದ್ದರೆ ಪೂರ್ತಿ ದಿನ, ಮಧ್ಯಾಹ್ನ ಮಲಗಿಬಿಟ್ಟರೆ ಅರ್ಧ ದಿನ, ಊರಲ್ಲಿಲ್ಲದಿದ್ದರೆ ಗೈರು. ಹೇಳಿ ಹೋದ ಗೈರಿಗೆ ನೀಲಿ ಪೆನ್ನು, ಹೇಳದಿದ್ದರೆ ಕೆಂಪು. ಕೆಂಪು ಒಂದೇ ಒಂದು, ಆ ವಾಲ್ಪಾರೈ ಪ್ರಯಾಣದ್ದು, ಹಿಂದಿನ ದಿನಾಂಕ ಹಾಕಿ ಬರೆದದ್ದು. ಜೀವನವಿಡೀ ಬೇರೆಯವರ ಹಾಜರಿ ಹಾಕಿದ ಮನುಷ್ಯ ತಿಂಗಳ ಕೊನೆಗೆ ಆ ಪುಟಕ್ಕೆ ಸಹಿ ಹಾಕುತ್ತಾರೆ.

2023ರ ಆಟಿ ತಿಂಗಳಲ್ಲಿ ನಡೆದದ್ದನ್ನು ಹೇಳಲೇಬೇಕು. ಆಟಿ ಹದಿನೆಂಟು ಅಂದರೆ ಆಗಸ್ಟ್ ಮೂರರ ಆಸುಪಾಸು, ಮದ್ದು ಸೊಪ್ಪಿನ ದಿನ. ಆವತ್ತು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಮ್ಮವರ ನಂಬಿಕೆ. ಸೊಪ್ಪನ್ನು ಕಾಂಡದ ಸಮೇತ ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ, ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ. ಸೊಪ್ಪು ತರಲು ಅಜ್ಜ ಮೊಮ್ಮಗಳು ಇಬ್ಬರೂ ಮಳೆಯಲ್ಲಿ ಹೋಗಿ, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಬಂದರು. ಪಾಯಸ ಮಾಡಿದ್ದು ಅವ್ವ. ಒಂದು ಬಟ್ಟಲು ಕೋಣೆಗೂ ಹೋಯಿತು, ಕಳಿಸಿದ್ದು ಹೆಂಡತಿಯೋ ಅವ್ವನೋ ನಾನು ವಿಚಾರಿಸಲಿಲ್ಲ. ಅಜ್ಜ ಆವತ್ತು ಮಗಳ ಕಿವಿಯಲ್ಲಿ ಏನೋ ಹೇಳಿದ್ದರು. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕಿರುಚಾಟ: "ಕೆಂಪು! ಅಜ್ಜ, ಕೆಂಪು!" ಆ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ, ಮದ್ದು ಮೈಗೆ ಹತ್ತಿದ್ದಕ್ಕೆ ಅದೇ ಸಾಕ್ಷಿ ಅಂತಾರೆ ಹಿರಿಯರು. ಅಂಗಳಕ್ಕೆ ಓಡಿಬಂದು "ನಿಮ್ಮದೂ ಕೆಂಪಾ?" ಅಂತ ಕೋಣೆಯ ಕಡೆ ಕೂಗಿದಳು. ಆಚೆಯಿಂದ "ಹೌದು!" ಅಂತ ಉತ್ತರ. ತಿರುಗಿ, "ಅಜ್ಜೀ, ನಿಮ್ಮದು?" ಅವ್ವ ಹಿತ್ತಲಲ್ಲಿ ಸೌದೆ ಎತ್ತುತ್ತಿದ್ದವಳು ಸೌದೆ ಕೆಳಗೆ ಹಾಕಿ ನಗಲು ಶುರುಮಾಡಿದಳು.

ಇದರಿಂದ ಇಬ್ಬರೂ ಮಾತಾಡತೊಡಗಿದರು ಅಂತ ಯಾರೂ ತಿಳಿಯಬೇಡಿ. ಅಡುಗೆಮನೆಯ ಶರತ್ತು ಹಾಗೇ ಇದೆ. ಮೈಸೂರಿನಲ್ಲಿರುವ ತಂಗಿಯಂತೂ ಅಪ್ಪ ಬಂದ ಮೇಲೆ ಹುತ್ತರಿ ಹಬ್ಬಕ್ಕೂ ಊರಿಗೆ ಬಂದಿಲ್ಲ. ಅವಳು ಹೋದ ಅಪ್ಪನನ್ನು ಬಾಗಿಲಲ್ಲಿ ಕೂತು ಕಾದವಳು, ನಾನು ಹಾಗೆ ಕಾದವನಲ್ಲ. ಅವಳ ಮಕ್ಕಳಿಗೆ ಅಜ್ಜ ಬೇಕೋ ಬೇಡವೋ ಅವಳೇ ತೀರ್ಮಾನಿಸಲಿ. ನಾನು ಒಂದು ಮಾತೂ ಆಡಿಲ್ಲ, ಆಡುವುದೂ ಇಲ್ಲ. ಅವಳನ್ನು ನೋಡಬೇಕೆಂದರೆ ನಾವೇ ಮೈಸೂರಿಗೆ ಹೋಗುತ್ತೇವೆ.

ಈಗ ಮಗಳು ದೊಡ್ಡವಳಾಗುತ್ತಿದ್ದಾಳೆ. ಮಡಿಕೇರಿಯ ಶಾಲೆ, ಬಸ್ಸು, ಹಾಕಿ ಅಭ್ಯಾಸ, ಗೆಳತಿಯರು. ಮೊದಲಿನ ಹಾಗೆ ಚೀಲ ಎಸೆದು ಕಣ ದಾಟುವುದಿಲ್ಲ. ಅಪ್ಪನಿಗೆ ಇದು ಸಹಿಸಲಾಗುತ್ತಿಲ್ಲ. "ಎರಡು ದಿನ ಆಯಿತು, ಈ ಕಡೆ ಬಂದೇ ಇಲ್ಲ, ಏನಾದರೂ ಹೇಳಿದ್ದಾರಾ ಅವಳಿಗೆ?" ಅಂತ ನನ್ನ ಹತ್ತಿರ ಬಂದರು. ಅವ್ವ ಹೇಳಿಕೊಟ್ಟಿರಬೇಕು ಅನ್ನುವ ಗುಮಾನಿ. ಯಾರೂ ಏನೂ ಹೇಳಿಲ್ಲ, ಹತ್ತು ವರ್ಷ ದಾಟಿದ ಮಕ್ಕಳೆಲ್ಲ ಹೀಗೇ, ನನ್ನ ಹತ್ತಿರವೂ ಬರುವುದಿಲ್ಲ ಅಂದೆ. ನೀವೇ ಕೇಳಿ ಅಂದೆ. ಕೇಳಿದರಂತೆ. ಇಬ್ಬರೂ ಕೂತು ಶನಿವಾರ ಮಧ್ಯಾಹ್ನದ ಮೇಲೆ ಮೆಣಸಿನ ಬಳ್ಳಿ ನೋಡಲು ಹೋಗುವುದು ಅಂತ ಗೊತ್ತುಮಾಡಿಕೊಂಡಿದ್ದಾರೆ.

ಮೊನ್ನೆ ಚೆಕ್‌ರೋಲ್ ತಿರುವಿ ನೋಡಿದೆ. "ಅಜ್ಜ" ಅಂತಿದ್ದ ಸಾಲಿನ ಕೆಳಗೆ ತನ್ನ ಹೆಸರನ್ನೂ ಬರೆದುಕೊಂಡಿದ್ದಾಳೆ. ಅಜ್ಜನಿಗೆ ವಾರವಿಡೀ ಪೂರ್ತಿ ದಿನ, ಅವಳಿಗೆ ಶನಿವಾರ ಮಾತ್ರ ಅರ್ಧ. "ಉಳಿದ ದಿನ ಗೈರು ಅಂತ ಹಾಕಿಲ್ಲವಲ್ಲ?" ಅಂತ ಕೇಳಿದೆ. "ಹೇಳಿಯೇ ಹೋಗಿದ್ದೀನಲ್ಲ" ಅಂದಳು, ನೀಲಿ ಪೆನ್ನು ಹುಡುಕುತ್ತ.